ಮಾದರಿ ನೋಡಿ ಬರೆಯಿರಿ

ಇರಬಾರದ ಕಡೆ ಹಣ ಕಂಡರೆ ಯಾರಿಗಾದರೂ ಒಂದು ಕ್ಷಣ ಖುಷಿಯಾಗುತ್ತದೆ. ಮೋನಿಷಾಗೆ ಮಾತ್ರ ಎದೆ ಧಸಕ್ಕೆಂದಿತು.

ಮಂಗಳವಾರ ಮಧ್ಯಾಹ್ನ. ಸಾಸಲಿನ ಪಂಚಾಯಿತಿ ಗ್ರಂಥಾಲಯದಲ್ಲಿ ಪೇಪರ್ ಓದುವವರೆಲ್ಲ ಊಟಕ್ಕೆ ಎದ್ದು ಹೋಗಿದ್ದರು. ಗ್ರಂಥಪಾಲಕಿ ಮೋನಿಷಾ ಡಬ್ಬಿ ತೊಳೆದಿಟ್ಟು, ತಾನು ಜಾಲತಾಣವೊಂದಕ್ಕೆ ಬರೆದಿದ್ದ ಹಳೆಯ ಪಾಠಕ್ಕೆ ಹೊಸ ಚಿತ್ರ ತೆಗೆಯೋಣವೆಂದು ಮೊಬೈಲಿನಲ್ಲಿ ಅದರ ವಾಲೆಟ್ ತೆರೆದಳು. ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣ ಇಡುವ ವಾಲೆಟ್ ಅದು. ಎಂಟು ತಿಂಗಳ ಹಿಂದೆ ಪಾಠದಲ್ಲಿ ತೋರಿಸುವುದಕ್ಕೆಂದೇ ಮಾಡಿದ್ದಳು. ಒಂದು ಪೈಸೆಯನ್ನೂ ಹಾಕಿರಲಿಲ್ಲ, ಆಮೇಲೆ ತೆರೆದೂ ನೋಡಿರಲಿಲ್ಲ. ಈಗ ಸೊನ್ನೆ ಇರಬೇಕಾದ ಜಾಗದಲ್ಲಿ ಹದಿನೆಂಟು ಲಕ್ಷ ರೂಪಾಯಿ ಕೂತಿತ್ತು.

ಅವಳು ಆಪ್ ಮುಚ್ಚಿ ಮತ್ತೆ ತೆರೆದಳು. ಹದಿನೆಂಟು ಲಕ್ಷ ಅಲ್ಲೇ ಇತ್ತು. ಕೆಳಗೆ ಪಟ್ಟಿಯಲ್ಲಿ ಜಮೆಯಾದದ್ದೆಲ್ಲ ಕಾಣುತ್ತಿತ್ತು. ಆರು ತಿಂಗಳಲ್ಲಿ ಇಪ್ಪತ್ತಮೂರು ಸಲ ಹಣ ಬಂದಿತ್ತು. ಮೊದಮೊದಲು ಐನೂರು, ಸಾವಿರ. ಆಮೇಲೆ ಐವತ್ತು ಸಾವಿರ, ಲಕ್ಷ. ಒಮ್ಮೆಯೂ ಯಾರೂ ತೆಗೆದಿರಲಿಲ್ಲ. ಹಾಕಿದವರು ಯಾರು ಎಂಬುದಕ್ಕೆ ಹೆಸರಿಲ್ಲ, ಊರಿಲ್ಲ. ಆ ಹಣದ ಗುಣವೇ ಅದು, ಅದಕ್ಕೆ ಮುಖ ಇರುವುದಿಲ್ಲ.

ಇಷ್ಟಕ್ಕೂ ಮೋನಿಷಾ ಈ ಗೊಡವೆಗೆ ಬಿದ್ದದ್ದು ಅಪ್ಪನಿಂದಾಗಿ. ಮುನಿರಾಜ್ ದೊಡ್ಡಬಳ್ಳಾಪುರದ ಮಗ್ಗಗಳಲ್ಲಿ ಮೂವತ್ತು ವರ್ಷ ಸೀರೆ ನೇಯ್ದು ಉಳಿಸಿದ್ದನ್ನೆಲ್ಲ ಒಬ್ಬ ಕೋಟುಧಾರಿಗೆ ಕೊಟ್ಟಿದ್ದ. ಆ ಮಹಾಶಯ ಕಲ್ಯಾಣ ಮಂಟಪವೊಂದರಲ್ಲಿ ಸಭೆ ಸೇರಿಸಿ, ಚಿತ್ರಾನ್ನ ಹಾಕಿಸಿ, ಬಿಟ್‌ಕಾಯಿನ್ ಎಂಬ ಹೆಸರು ಹೇಳಿ, ಕೀ ನನ್ನ ಹತ್ತಿರ ಇದ್ದರೆ ನಿಮ್ಮ ಹಣ ಭದ್ರ ಎಂದು ನಂಬಿಸಿ, ಒಂದು ದಿನ ಮಂಟಪದ ಬಾಡಿಗೆಯನ್ನೂ ಕೊಡದೆ ಮಾಯವಾಗಿದ್ದ. ಅಪ್ಪ ಅದರ ಬಗ್ಗೆ ಮತ್ತೆ ಮಾತೇ ಆಡಲಿಲ್ಲ. ಮಗಳು ಮಾತ್ರ ಹಟಕ್ಕೆ ಬಿದ್ದು ಇದರ ಒಳಹೊರಗೆಲ್ಲ ಓದಿದಳು. ಓದುತ್ತ ಓದುತ್ತ ಒಂದು ಜಾಲತಾಣ ಸಿಕ್ಕಿತು. ಲೋಕದ ಯಾರು ಬೇಕಾದರೂ ಪಾಠ ಬರೆದು ಸೇರಿಸಬಹುದು, ಯಾರು ಬೇಕಾದರೂ ತಿದ್ದಬಹುದು, ಯಾರಿಗೂ ಸಂಬಳವಿಲ್ಲ. ಅಲ್ಲಿ ಮೂವತ್ತು ಭಾಷೆಗಳಿದ್ದವು, ಕನ್ನಡ ಇರಲಿಲ್ಲ.

ಎರಡು ವರ್ಷದಲ್ಲಿ ಅವಳು ಹದಿನಾರು ಪಾಠ ಬರೆದಳು. ಅವಳ ಬರವಣಿಗೆಯಲ್ಲಿ ಒಂದು ಕೊಂಬು ಹೆಚ್ಚಿಲ್ಲ, ಒಂದು ಒತ್ತು ಕಡಿಮೆಯಿಲ್ಲ. ಆ ಅಚ್ಚುಕಟ್ಟಿನ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು, ಇರಲಿ. ಆ ತಾಣದ ನಿಯಮದಂತೆ ಏನು ತಿದ್ದಿದರೂ ಯಾಕೆ ತಿದ್ದಿದ್ದೆಂದು ಪಕ್ಕದಲ್ಲಿ ಒಂದು ಸಾಲು ಕಾರಣ ಬರೆಯಬೇಕು, ಅದನ್ನು ಇನ್ನೊಬ್ಬರು ನೋಡಿ ಒಪ್ಪಬೇಕು. ಕನ್ನಡದ ಪಾಠಗಳನ್ನು ಒಪ್ಪುತ್ತಿದ್ದವನು ದೇವನಹಳ್ಳಿ ಕಡೆಯ ಹೋಟೆಲೊಂದರ ಕೌಂಟರಿನಲ್ಲಿ ಕೆಲಸ ಮಾಡುವ ದೇವರಾಜ್. ಬೇರೆಯವರು ಎರಡು ಪದದಲ್ಲಿ ಕಾರಣ ಮುಗಿಸಿದರೆ ಮೋನಿಷಾ ಅರ್ಧ ಪುಟ ಬರೆಯುತ್ತಿದ್ದಳು. ನಿಮ್ಮ ಕಾರಣ ಓದುವಷ್ಟರಲ್ಲಿ ನಮ್ಮ ಗೆಸ್ಟು ರೂಮು ಖಾಲಿ ಮಾಡಿ ಹೋಗಿರುತ್ತಾರೆ ಎಂದು ಅವನು ತಮಾಷೆ ಮಾಡುತ್ತಿದ್ದ.

ಆ ಹದಿನಾರರಲ್ಲಿ ಜನ ಹೆಚ್ಚು ಓದಿದ್ದು ನಾಲ್ಕನೆಯ ಪಾಠವನ್ನು. ವಾಲೆಟ್ಟಿಗೆ ಹನ್ನೆರಡು ಇಂಗ್ಲಿಷ್ ಪದಗಳೇ ಬೀಗದ ಕೈ. ಹೊಸ ವಾಲೆಟ್ ಮಾಡಿದಾಗ ಆಪ್ ತಾನೇ ಹನ್ನೆರಡು ಪದ ಕೊಡುತ್ತದೆ, ಒಬ್ಬೊಬ್ಬರಿಗೆ ಒಂದೊಂದು ಬಗೆ. ಅವನ್ನು ಕಾಗದದಲ್ಲಿ ಬರೆದು ಭದ್ರವಾಗಿಡಬೇಕು; ಪದ ಯಾರಿಗೆ ಗೊತ್ತೋ ಹಣ ಅವರದು. ಇದನ್ನು ಹೇಳಿಕೊಡಲು ಅವಳು ಗೆರೆ ಹಾಳೆಯೊಂದರಲ್ಲಿ ಆ ಪಾಠದ ವಾಲೆಟ್ಟಿನ ಹನ್ನೆರಡು ಪದಗಳನ್ನು ದುಂಡಗೆ ಬರೆದು, ಮೇಲೆ ‘ಮಾದರಿ’ ಎಂದು ತಲೆಬರಹ ಕೊಟ್ಟು, ಕೆಳಗೆ ತಾರೀಕು ಹಾಕಿ, ಮೋನಿಷಾ, ಸಾಸಲು ಎಂದು ಹೆಸರು ಬರೆದು, ಫೋಟೊ ತೆಗೆದು ಹಾಕಿದ್ದಳು. ಪಕ್ಕದಲ್ಲಿ ಹೀಗೊಂದು ಸಾಲು: ‘ಪರದೆಯ ಮೇಲೆ ಕಾಣುವ ಹನ್ನೆರಡು ಪದಗಳನ್ನು ಹಾಗೆಯೇ ಬರೆಯಿರಿ.’

ಯಾರೋ ಆ ಮಾದರಿಯ ಪದಗಳನ್ನೇ ನಿಜವಾಗಿ ಬಳಸುತ್ತಿದ್ದಾರೆ. ಅಷ್ಟು ಅವಳಿಗೆ ಹೊಳೆಯಿತು. ಆ ಫೋಟೊ ನೋಡಿದ ಯಾರು ಬೇಕಾದರೂ ಒಂದು ನಿಮಿಷದಲ್ಲಿ ಅಷ್ಟೂ ಹಣ ಎತ್ತಿಕೊಂಡು ಹೋಗಬಹುದಿತ್ತು. ಪಾಠದ ಚಿತ್ರದ ಹಿಂದೆ ನಿಜವಾದ ಹಣ ಇದ್ದೀತು ಎಂದು ಇಲ್ಲಿಯವರೆಗೆ ಯಾವ ಕಳ್ಳನಿಗೂ ತೋಚಿರಲಿಲ್ಲ, ಅಷ್ಟೇ.

ದೇವರಾಜನಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಅವನು ತಮಾಷೆ ಮಾಡಲಿಲ್ಲ.

“ಮೇಡಂ, ಈಗ್ಲೇ ಅಷ್ಟನ್ನೂ ಬೇರೆ ವಾಲೆಟ್‌ಗೆ ಎತ್ತಿಟ್ಬಿಡಿ. ಯಾರ್ದು ಅಂತ ಆಮೇಲೆ ಹುಡುಕೋಣ.”

“ಅವ್ರನ್ನ ಕೇಳ್ದೆ ಹೆಂಗ್ರೀ ಮುಟ್ಲಿ?”

“ನೀವು ಮುಟ್ಲಿಲ್ಲ ಅಂದ್ರೆ ಇನ್ಯಾರೋ ಮುಟ್ತಾರೆ.”

ಅವನು ಹೇಳಿದ್ದು ಸರಿ ಎಂದು ಅವಳಿಗೂ ಗೊತ್ತಿತ್ತು. ಆದರೆ ಎತ್ತಿಟ್ಟ ಗಳಿಗೆಯಲ್ಲೇ ಹಾಕಿದವರ ಮೊಬೈಲಿನಲ್ಲೆಲ್ಲ ಸೊನ್ನೆ ಕಾಣುತ್ತದೆ. ಹುಡುಕಿಕೊಂಡು ಬಂದವರಿಗೆ ಇವಳು ಏನು ಹೇಳಬೇಕು? ಕೀ ನನ್ನ ಹತ್ತಿರ ಇದೆ, ನಿಮ್ಮ ಹಣ ಭದ್ರ ಎಂದೇ? ಆ ಮಾತನ್ನು ಅವಳ ಅಪ್ಪ ಕಲ್ಯಾಣ ಮಂಟಪದಲ್ಲಿ ಕೂತು ಕೇಳಿದ್ದ. ಅದೇ ನಾಲ್ಕನೆಯ ಪಾಠದ ಕೊನೆಯಲ್ಲಿ, ನಿಮ್ಮನ್ನು ಕೇಳದೆ ನಿಮ್ಮ ಹಣ ಮುಟ್ಟಿದವನು ಯಾರೇ ಆಗಲಿ ಕಳ್ಳ ಎಂದು ಇವಳೇ ದಪ್ಪ ಅಕ್ಷರದಲ್ಲಿ ಬರೆದಿದ್ದಳು. ಮೊದಲು ಹಣದವರನ್ನು ಹುಡುಕುತ್ತೇನೆ, ಎರಡು ದಿನ ಕೊಡಿ ಎಂದಳು. ದೇವರಾಜ್ ಉಸಿರುಬಿಟ್ಟದ್ದು ಫೋನಿನಲ್ಲಿ ಕೇಳಿಸಿತು.

ಗ್ರಂಥಾಲಯದ ಬಾಗಿಲಿಗೆ ಒಂದು ಚೀಟಿ ಅಂಟಿಸಿದಳು: ‘ಬಿಟ್‌ಕಾಯಿನ್ ಪಾಠ ಓದಿ ವಾಲೆಟ್ ಮಾಡಿದವರು ದಯವಿಟ್ಟು ನನ್ನನ್ನು ಕಾಣಿರಿ.’ ಬುಧವಾರ ಇಡೀ ದಿನ ಒಬ್ಬರೂ ಬರಲಿಲ್ಲ. ಬರುವುದಾದರೂ ಹೇಗೆ? ಬಚ್ಚಿಟ್ಟ ಹಣದ ವಿಷಯ ಪಂಚಾಯಿತಿ ಕಟ್ಟಡದಲ್ಲಿ ಯಾರು ಬಾಯಿಬಿಡುತ್ತಾರೆ? ಅವಳು ಗಂಟೆಗೊಮ್ಮೆ ಆಪ್ ತೆರೆದು ನೋಡುತ್ತಿದ್ದಳು. ಸಂಜೆ ನಾಲ್ಕಕ್ಕೆ ಅವಳ ಕಣ್ಣೆದುರಿಗೇ ಇನ್ನೊಂದು ನಲವತ್ತು ಸಾವಿರ ಬಂದು ಬಿತ್ತು. ಬೇಡ, ಹಾಕಬೇಡಿ ಎಂದು ಕೂಗಿ ಹೇಳಬೇಕೆನಿಸಿತು. ಯಾರಿಗೆಂದು ಕೂಗುವುದು? ದೊಡ್ಡಬಳ್ಳಾಪುರದ ಮನೆಗೆ ಹೋದರೆ ಬೀದಿಯ ಮಗ್ಗಗಳು ಎಂದಿನಂತೆ ಲಟಲಟ ಎನ್ನುತ್ತಿದ್ದವು. ಊಟ ಸೇರಲಿಲ್ಲ. ಯಾಕೆಂದು ಅಪ್ಪ ಕೇಳಿದ, ತಲೆನೋವು ಎಂದಳು.

ಗುರುವಾರ ಬೆಳಿಗ್ಗೆ ಚಿಕ್ಕವೆಂಕಟಪ್ಪ ಪೇಪರ್ ಓದಿ ಮುಗಿಸಿ ಮೇಜಿನ ಹತ್ತಿರ ಬಂದ. ದಿನಾ ಬರುವ ಮುದುಕ. ಸಾಲು ಬಿಡದೆ, ಕೊನೆಗೆ ಟೆಂಡರ್ ಜಾಹೀರಾತುಗಳನ್ನೂ ಓದಿ ಹೋಗುವವನು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಒಳಜೇಬಿನಿಂದ ಮೊಬೈಲನ್ನೂ ಪ್ಲಾಸ್ಟಿಕ್ ಕವರಿನಲ್ಲಿದ್ದ ಒಂದು ಕಾಗದವನ್ನೂ ತೆಗೆದ. ಬಾಗಿಲ ಚೀಟಿ ನೋಡಿದೆ, ಬಹುಮಾನ ಗಿಹುಮಾನ ಕೊಡುತ್ತಾರೇನೋ ಅಂದುಕೊಂಡೆ ಎಂದು ನಕ್ಕ.

“ನೀನ್ ಬರ್ದಂಗೇ ಮಾಡಿವ್ನಿ ಕಣವ್ವಾ. ಒಂದಕ್ಸರ ತಪ್ಪಿಲ್ಲ, ನೋಡು.”

ಅವಳು ಕಾಗದ ಬಿಚ್ಚಿದಳು. ಮೇಲೆ ‘ಮಾದರಿ’ ಎಂದು ಬರೆದಿತ್ತು. ಕೆಳಗೆ ಅವಳ ಹನ್ನೆರಡು ಪದಗಳನ್ನು ಇಂಗ್ಲಿಷ್ ಬಾರದ ಕೈ ಒಂದೊಂದೇ ಅಕ್ಷರ ಚಿತ್ರ ಬಿಡಿಸಿದ ಹಾಗೆ ಬರೆದಿತ್ತು. ಅದರ ಕೆಳಗೆ ಎಂಟು ತಿಂಗಳ ಹಿಂದಿನ ಅವಳ ತಾರೀಕು. ಅದರ ಕೆಳಗೆ ಅವನ ಕೈಬರಹದಲ್ಲೇ ‘ಮೋನಿಷಾ, ಸಾಸಲು’.

ನನ್ನ ಹೆಸರು ಯಾಕೆ ಬರೆದಿರಿ ತಾತ ಎಂದು ಕೇಳಿದಳು. ಮಾದರಿಯಲ್ಲಿ ಇತ್ತಲ್ಲ, ಬರೆದೆ ಎಂದ.

ಮೋನಿಷಾ ಕುರ್ಚಿಯ ಹಿಂದಿನ ಗೋಡೆ ನೋಡಿದಳು. ಅಲ್ಲಿ ಸಾಲಾಗಿ ಅಂಟಿಸಿದ್ದವು, ಪಿಂಚಣಿಗೆ ಮಾದರಿ ಅರ್ಜಿ, ಖಾತೆ ಬದಲಾವಣೆಗೆ ಮಾದರಿ ಅರ್ಜಿ, ಪಡಿತರ ಚೀಟಿಗೆ ಮಾದರಿ ಅರ್ಜಿ. ಐದು ವರ್ಷದಿಂದ ಬಂದವರಿಗೆಲ್ಲ ಅವಳು ದಿನಕ್ಕೆ ಹತ್ತು ಸಲ ಹೇಳುವ ಮಾತು ಒಂದೇ: ಮಾದರಿ ನೋಡ್ಕೊಂಡು ಹಂಗೇ ಬರೀರಿ. ಪಾಠ ಬರೆಯುವಾಗ ಅವಳ ತಲೆಯಲ್ಲಿ ಮಾದರಿ ಎಂದರೆ ಬರೀ ಉದಾಹರಣೆ. ಇಲ್ಲಿಯ ಜನಕ್ಕೆ ಮಾದರಿ ಎಂದರೆ ಅಕ್ಷರ ಬಿಡದೆ ಇಳಿಸಿಕೊಳ್ಳಬೇಕಾದದ್ದು. ಒಂದು ಅಕ್ಷರ ಆಚೀಚೆಯಾದರೆ ನಾಡಕಚೇರಿಯ ಗುಮಾಸ್ತ ಅರ್ಜಿ ವಾಪಸ್ ಎಸೆಯುತ್ತಾನೆ ಎಂದು ಅವರಿಗೆ ಹೆದರಿಕೆ ಹಾಕಿದವಳೂ ಇವಳೇ. ಪರದೆಯ ಮೇಲೆ ಕಾಣುವ ಪದ ಎಂದಿದ್ದಳು. ಅವರ ಪರದೆಯ ಮೇಲೆ ಕಂಡದ್ದು ಇವಳ ಫೋಟೊ. ನಿಮ್ಮ ಹತ್ತಿರ ಪದಗಳಿವೆಯೇ ಎಂದು ಆಪ್ ಕೇಳಿದಾಗ ಹೌದು ಎಂದು ಒತ್ತಿ ಇವನ್ನೇ ತುಂಬಿದ್ದರು. ತಪ್ಪು ಅವರದೆಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಚಿಕ್ಕವೆಂಕಟಪ್ಪ ತಗ್ಗಿದ ದನಿಯಲ್ಲಿ ತನ್ನ ಕತೆ ಹೇಳಿದ. ಕೈಗಾರಿಕೆಗೆ ಹೋದ ಜಮೀನಿನ ಪರಿಹಾರದಲ್ಲಿ ಆವತಿಯಲ್ಲಿರುವ ವಿಧವೆ ತಂಗಿ ಭಾಗ್ಯಮ್ಮನ ಪಾಲು ನಾಲ್ಕು ಲಕ್ಷ. ಅದು ಬ್ಯಾಂಕಿನಲ್ಲಿದ್ದರೆ ತನ್ನ ಗಂಡುಮಕ್ಕಳ ಕಣ್ಣು ಬೀಳುತ್ತದೆಂದು ದೊಡ್ಡಬಳ್ಳಾಪುರದ ಮೊಬೈಲ್ ಅಂಗಡಿಯವನಿಗೆ ಕಮಿಷನ್ ಕೊಟ್ಟು ಬಿಟ್‌ಕಾಯಿನ್ ಕೊಳ್ಳಿಸಿ, ಮೊದಲು ಐನೂರು, ಸಾವಿರ ಹಾಕಿ ನೋಡಿ, ಆಮೇಲೆ ಲಕ್ಷ ಲಕ್ಷವಾಗಿ ಇಲ್ಲಿಟ್ಟಿದ್ದ. ಆಮೇಲೆ ನಡೆದದ್ದು ಅವನ ಪಾಲಿಗೆ ಪವಾಡ. ವಾರ ವಾರಕ್ಕೂ ಹಣ ಬೆಳೆಯತೊಡಗಿತು. ನಾಲ್ಕು ಇದ್ದದ್ದು ಏಳಾಯಿತು, ಏಳು ಹನ್ನೆರಡಾಯಿತು, ಈಗ ಹದಿನೆಂಟು ದಾಟಿದೆ. ನಂಬಿಕೆಯ ನಾಲ್ಕು ಜನಕ್ಕೆ ತೋರಿಸಿದ. ಅವರು ಅವರ ನಂಬಿಕೆಯವರಿಗೆ ತೋರಿಸಿದರು. ಈಗ ಅವಳ ಆ ಫೋಟೊ ಯಾವುದೋ ವಾಟ್ಸಾಪ್ ಗುಂಪಿನಲ್ಲೂ ಇದೆಯಂತೆ.

ಮೋನಿಷಾಗೆ ಈಗ ಎಲ್ಲ ತಿಳಿಯಿತು. ಹಣ ಬೆಳೆದಿರಲಿಲ್ಲ. ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ತಮ್ಮ ಬೆಳೆ ಎಂದುಕೊಂಡು ಮತ್ತಷ್ಟು ಹಾಕಿದ್ದರು, ಅದನ್ನು ನೋಡಿ ಮತ್ತೊಬ್ಬರು ಹಾಕಿದ್ದರು. ಕಲ್ಯಾಣ ಮಂಟಪದ ಕೋಟುಧಾರಿ ಮಾಡಿದ್ದೂ ಇದನ್ನೇ. ಅವನಾದರೂ ಚಿತ್ರಾನ್ನಕ್ಕೆ ದುಡ್ಡು ಖರ್ಚು ಮಾಡಿದ್ದ. ಇವಳು ಒಂದು ಹಾಳೆಯಲ್ಲಿ ಮುಗಿಸಿದ್ದಳು.

ಅವಳು ಬಿಡಿಸಿ ಬಿಡಿಸಿ ಹೇಳಿದಳು. ಇದು ನಿಮ್ಮೊಬ್ಬರ ಪೆಟ್ಟಿಗೆಯಲ್ಲ, ಹತ್ತಾರು ಜನರ ಹಣ ಒಂದರಲ್ಲೇ ಇದೆ, ಈಗಲೇ ಕೂತು ನಿಮಗೆಂದು ಹೊಸ ಪದ ಮಾಡಿಕೊಂಡು ನಿಮ್ಮ ನಾಲ್ಕು ಲಕ್ಷ ಅದಕ್ಕೆ ಸಾಗಿಸೋಣ ಎಂದಳು. ಮುದುಕನ ಮುಖದ ನಗು ನಿಧಾನವಾಗಿ ಇಳಿಯಿತು.

“ಅಂದ್ರೆ ನನ್ ಬೀರು ಕೀ ಆರ್ ತಿಂಗ್ಳಿಂದ ನಿನ್ ತಾವೂ ಇತ್ತು ಅನ್ನು.”

“ನಾನು ಮುಟ್ಟಿಲ್ಲ ತಾತ.”

“ಮುಟ್ಟಿದ್ದಿ ಅಂದ್ನಾ?”

ಅವನು ಕಾಗದವನ್ನು ಮಡಿಸಿ ಮಡಿಸಿ ಅಂಗೈಯಗಲ ಮಾಡಿ ಜೇಬಿಗಿಟ್ಟ. ಹಣ ತಂಗಿಯದು, ಅವಳನ್ನು ಕೇಳದೆ ಏನೂ ಮಾಡುವುದಿಲ್ಲ, ಸೋಮವಾರ ಬರುತ್ತೇನೆ ಎಂದ. ಸೋಮವಾರಕ್ಕೆ ತಡವಾಗುತ್ತದೆ ಎಂದು ಮೋನಿಷಾ ಗೋಗರೆದಳು. ಆತುರ ಪಡಿಸುವವರನ್ನು ನಂಬಬೇಡಿ ಎಂದು ಅವಳೇ ಎರಡನೆಯ ಪಾಠದಲ್ಲಿ ಬರೆದಿದ್ದಳು. ಅವನು ಅದನ್ನೂ ಓದಿದ್ದ. ಸೋಮವಾರದವರೆಗೆ ಯಾರೂ ಮುಟ್ಟಬಾರದು, ಮಾತು ಕೊಡು ಎಂದು ಅಂಗೈ ಚಾಚಿದ. ಅವಳು ಆ ಒರಟು ಅಂಗೈಯ ಮೇಲೆ ಕೈಯಿಟ್ಟಳು. ಇಡಬಾರದಿತ್ತು.

ಶುಕ್ರವಾರ ಮಧ್ಯಾಹ್ನದವರೆಗೂ ಅವಳು ಚಡಪಡಿಸಿದಳು. ಹಣವನ್ನಂತೂ ಮುಟ್ಟುವಂತಿಲ್ಲ. ಆದರೆ ಆ ಫೋಟೊವನ್ನು ಪಾಠದಿಂದ ಕಿತ್ತುಹಾಕಬಹುದಲ್ಲ? ಹೊಸಬರಾದರೂ ಅದಕ್ಕೆ ಬೀಳುವುದು ತಪ್ಪುತ್ತದೆ. ಮೂರು ದಿನದಲ್ಲಿ ಮೊದಲ ಸಲ ಮನಸ್ಸಿಗೆ ಹಗುರವಾಯಿತು. ಫೋಟೊ ತೆಗೆದಳು. ‘ಮಾದರಿ’ ಇದ್ದ ಕಡೆಯಲ್ಲೆಲ್ಲ ‘ಉದಾಹರಣೆಗೆ ಮಾತ್ರ, ಇದನ್ನು ಬಳಸಬೇಡಿ’ ಎಂದು ಬರೆದಳು. ಆಮೇಲೆ ನಿಯಮದಂತೆ ಕಾರಣ ಬರೆಯಲು ಕೂತಳು. ತಾಣದವರೆಲ್ಲರಿಗೂ ಅರ್ಥವಾಗಲಿ ಎಂದು ಇಂಗ್ಲಿಷಿನಲ್ಲಿ, ಎಂದಿನ ಅಚ್ಚುಕಟ್ಟಿನಲ್ಲಿ, ಏನನ್ನೂ ಮುಚ್ಚಿಡದೆ ಬರೆದಳು. ಈ ಚಿತ್ರದಲ್ಲಿರುವ ಪದಗಳನ್ನು ಓದುಗರು ತಮ್ಮದೆಂದು ತಪ್ಪು ತಿಳಿದು ನಿಜವಾಗಿ ಬಳಸುತ್ತಿದ್ದಾರೆ, ಆ ವಾಲೆಟ್ಟಿನಲ್ಲಿ ಈಗ ಸುಮಾರು ಹದಿನೆಂಟು ಲಕ್ಷ ರೂಪಾಯಿ ಇದೆ, ಆದ್ದರಿಂದ ತುರ್ತಾಗಿ ಚಿತ್ರವನ್ನು ತೆಗೆಯಲಾಗಿದೆ.

ಎರಡು ಸಲ ಓದಿ, ಒಂದು ಅಲ್ಪವಿರಾಮ ಸರಿಮಾಡಿ, ಕಳಿಸಿದಳು. ಆಗ ಎರಡೂ ಹತ್ತು. ಕೌಂಟರಿನಲ್ಲಿ ಗಿರಾಕಿಗಳ ನಡುವೆ ನಿಂತಿದ್ದ ದೇವರಾಜ್, ತೆಗೆದಿರುವುದು ಅದೇ ಫೋಟೊ ಎಂದು ಒಂದು ನೋಟ ನೋಡಿ, ಎಂದಿನಂತೆ ಕಾರಣ ಓದದೆ ಒಪ್ಪಿಬಿಟ್ಟ.

ಎರಡೂ ಐವತ್ತಕ್ಕೆ ಅವಳು ಆಪ್ ತೆರೆದಳು. ಸೊನ್ನೆ ಇತ್ತು.

ಅವಳು ಮುಚ್ಚಿ ಮತ್ತೆ ತೆರೆಯಲಿಲ್ಲ. ಪಟ್ಟಿಯ ತುದಿಯಲ್ಲಿ ಹೊಸದೊಂದು ಸಾಲು ಕಾಣುತ್ತಿತ್ತು. ಎರಡೂ ಮೂವತ್ತೊಂದಕ್ಕೆ ಅಷ್ಟೂ ಹಣ ಗುರುತಿಲ್ಲದ ಯಾವುದೋ ವಿಳಾಸಕ್ಕೆ ಹೋಗಿತ್ತು. ಅಷ್ಟರಲ್ಲಿ ದೇವರಾಜನ ಫೋನ್ ಬಂತು.

“ಮೇಡಂ, ಕಾರಣದಲ್ಲಿ ಅದ್ನೆಲ್ಲ ಬರ್ದಿದೀರಲ್ರೀ. ಹಳೇ ಫೋಟೊ ದಾಖಲೆಯಲ್ಲಿ ಹಂಗೇ ಇರುತ್ತೆ ಅಂತ ನಿಮ್ಗೆ ಗೊತ್ತಿಲ್ವಾ?”

ಗೊತ್ತಿತ್ತು. ಆ ತಾಣದಲ್ಲಿ ಅಳಿಸಿದ್ದೂ ಅಳಿಯುವುದಿಲ್ಲ. ತಿದ್ದುವ ಮುಂಚಿನ ಪುಟ, ತಿದ್ದಿದ ಪುಟ, ತಿದ್ದಿದ ಕಾರಣ, ಮೂರೂ ಲೋಕಕ್ಕೆ ತೆರೆದಿರುತ್ತವೆ. ಅದೇ ಅದರ ದೊಡ್ಡತನ ಎಂದು ಮೊದಲ ಪಾಠದಲ್ಲಿ ಹೊಗಳಿದ್ದವಳೂ ಇವಳೇ. ಎಂಟು ತಿಂಗಳು ಯಾರಿಗೂ ತೋಚದಿದ್ದನ್ನು ಅವಳು ಎರಡೂ ಹತ್ತಕ್ಕೆ ಊರಿಗೆಲ್ಲ ಡಂಗುರ ಹೊಡೆದು ಹೇಳಿದ್ದಳು. ಹಣ ಇರುವ ಮನೆಯ ಗುರುತು, ಹಣದ ಮೊತ್ತ, ಬಾಗಿಲ ಕೀ, ಎಲ್ಲವನ್ನೂ ಒಂದೇ ಕಡೆ ಜೋಡಿಸಿ ಕೊಟ್ಟಿದ್ದಳು. ಮಂಗಳವಾರವೇ ಎತ್ತಿಟ್ಟಿದ್ದರೆ ಕಳ್ಳಿ ಎನಿಸಿಕೊಳ್ಳುತ್ತಿದ್ದಳು, ಆದರೆ ಹಣ ಉಳಿಯುತ್ತಿತ್ತು. ತನ್ನ ಹೆಸರಿಗೆ ಮಸಿ ಹತ್ತಬಾರದೆಂದು ಕೈಕಟ್ಟಿ ಕೂತದ್ದು ಧರ್ಮವಲ್ಲ, ಬರೀ ಹೆದರಿಕೆ. ಅದು ಈಗ ಅವಳಿಗೆ ನಿಚ್ಚಳವಾಗಿ ಕಂಡಿತು.

ಶನಿವಾರ ಬೆಳಿಗ್ಗೆ ಅವಳು ಬಸ್ಸಿಳಿದು ಬಂದಾಗ ಗ್ರಂಥಾಲಯದ ಜಗಲಿಯ ಮೇಲೆ ಒಂಬತ್ತು ಜನ ಕೂತಿದ್ದರು. ಇಬ್ಬರನ್ನು ಬಿಟ್ಟು ಉಳಿದವರ ಪರಿಚಯವಿರಲಿಲ್ಲ. ಒಬ್ಬ ಹೊಸಕೋಟೆಯಿಂದ ಬಂದಿದ್ದ, ಇನ್ನೊಬ್ಬಳು ನೆಲಮಂಗಲದವಳು. ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಎಲ್ಲರ ಕೈಯಲ್ಲೂ ಒಂದೊಂದು ಕಾಗದವಿತ್ತು. ಒಬ್ಬನದು ನೋಟ್‌ಬುಕ್ಕಿನ ಹಾಳೆ, ಒಬ್ಬಳದು ಕ್ಯಾಲೆಂಡರಿನ ಹಿಂಬದಿ, ಇನ್ನೊಬ್ಬನದು ಮದುವೆ ಕರೆಯೋಲೆಯ ಖಾಲಿ ಮಗ್ಗುಲು. ಒಂಬತ್ತು ಕೈಬರಹದಲ್ಲಿ ಅವೇ ಹನ್ನೆರಡು ಪದಗಳು, ಅದೇ ತಾರೀಕು, ಕೆಳಗೆ ಅವಳದೇ ಹೆಸರು. ವಿಳಾಸ ಹುಡುಕುವುದು ಅವರಿಗೆ ಕಷ್ಟವಾಗಿರಲಿಲ್ಲ.

ಅವಳು ಬೀಗ ತೆಗೆದು ಎಲ್ಲರನ್ನೂ ಒಳಗೆ ಕೂರಿಸಿ ನಡೆದದ್ದನ್ನು ಹೇಳಿದಳು. ಹಣ ಹೋಯಿತು ಎಂಬುದು ಅವರಿಗೆ ಅರ್ಥವಾಯಿತು, ಹೇಗೆ ಹೋಯಿತು ಎಂಬುದು ಆಗಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಚಿಕ್ಕವೆಂಕಟಪ್ಪ ಕಾಣಿಸಿಕೊಂಡ. ಹಿಂದೆ ಸೆರಗು ಹೊದ್ದ ಒಂದು ಸಣ್ಣ ಜೀವ.

“ಸೋಮವಾರದ್ ಗಂಟ ಯಾಕ್ ಕಾಯೋದು ಅಂತ ಭಾಗ್ಯಮ್ಮನೇ ಕರ್ಕೊಂಡ್ ಬಂದ್ಳು ಕಣವ್ವಾ. ಮೋನಿಷಾ ಹೇಳಿದ್ಮೇಲೆ ಸರಿಯಾಗೇ ಇರ್ತದೆ ಅಂದ್ಳು. ಹೊಸ ಪದ ಮಾಡ್ಕೊಟ್ಬಿಡು.”

ಅವನು ನಿನ್ನೆಯಿಂದ ಮೊಬೈಲ್ ತೆರೆದಿರಲಿಲ್ಲ. ಮಾತು ಕೊಟ್ಟಿದ್ದಾಳೆ, ನೋಡುವುದೇನಿದೆ ಎಂದುಕೊಂಡಿದ್ದ. ಮೋನಿಷಾ ಬಾಯಿ ತೆರೆಯುವಷ್ಟರಲ್ಲಿ ಹೊಸಕೋಟೆಯವನೇ ಎದ್ದು ವಿಷಯ ಹೇಳಿದ. ಮುದುಕ ಬೆಂಚಿನ ಮೇಲೆ ಕೂತ. ಭಾಗ್ಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತ ಮೋನಿಷಾಳ ಮುಖವನ್ನೇ ನೋಡಿದಳು.

ನೆಲಮಂಗಲದ ಹೆಂಗಸು, ಪೊಲೀಸರಿಗೆ ಕಂಪ್ಲೇಂಟು ಕೊಡಬೇಕಲ್ಲವೇ ಎಂದಳು. ಕೊಡಬೇಕು ಎಂದು ಎಲ್ಲರೂ ಒಪ್ಪಿದರು. ಹೇಗೆ ಬರೆಯಬೇಕೆಂದು ಯಾರಿಗೂ ತಿಳಿಯದು. ಚಿಕ್ಕವೆಂಕಟಪ್ಪ ಕಣ್ಣೊರೆಸಿಕೊಂಡು ಗೋಡೆಯ ಮೇಲಿನ ಹಾಳೆಗಳ ಕಡೆ ನೋಡಿದ.

“ಒಂದ್ ಮಾದ್ರಿ ಬರ್ಕೊಡವ್ವಾ. ನೋಡ್ಕೊಂಡು ಎಲ್ಲಾರೂ ಹಂಗೇ ಬರ್ಕೊಂತೀವಿ.”

ಅವಳು ಬಿಳಿ ಹಾಳೆ ತೆಗೆದು ದುಂಡಗೆ ಬರೆಯತೊಡಗಿದಳು. ಠಾಣಾಧಿಕಾರಿಗಳಿಗೆ ಎಂದು ಮೇಲೆ ಹಾಕಿ, ವಿಷಯ ಎಂದು ಬರೆದು ಗೆರೆ ಎಳೆದಳು. ಹಣ ಹೋದ ದಿನ, ಹೊತ್ತು, ಮೊತ್ತ ಬರೆದಳು. ಯಾರ ಮೇಲೆ ದೂರು ಎಂಬ ಕಡೆ ಚುಕ್ಕೆಗಳನ್ನಿಟ್ಟು ಖಾಲಿ ಬಿಟ್ಟಳು. ಈ ಸಲ ತನ್ನ ಸಹಿ ಹಾಕಲಿಲ್ಲ. ಹಾಳೆಯನ್ನು ಮೇಜಿನ ನಡುವೆ ಇಟ್ಟಾಗ ಎಲ್ಲರೂ ಸುತ್ತ ಕೂತು ಪೆನ್ನು ತೆಗೆದು ಮೇಲಿನ ಸಾಲಿನಿಂದ ಇಳಿಸಿಕೊಳ್ಳತೊಡಗಿದರು. ಭಾಗ್ಯಮ್ಮನದನ್ನು ಅವಳ ಅಣ್ಣನೇ ಬರೆಯುತ್ತಿದ್ದ. ಬರೆಯುತ್ತ ಬರೆಯುತ್ತ ಒಬ್ಬೊಬ್ಬರ ಪೆನ್ನೂ ಒಂದೇ ಜಾಗದಲ್ಲಿ ನಿಂತಿತು.

“ಇಲ್ಲಿ ಖಾಲಿ ಬಿಟ್ಟಿದ್ದೀಯಲ್ಲವ್ವಾ. ಏನ್ ಬರಿಯಾನ?” ಎಂದು ಚಿಕ್ಕವೆಂಕಟಪ್ಪ ಕೇಳಿದ. ಆ ಕೇಳಿಕೆಯಲ್ಲಿ ಕೊಂಕಿರಲಿಲ್ಲ, ಸಿಟ್ಟಿರಲಿಲ್ಲ. ಪಿಂಚಣಿ ಅರ್ಜಿಯಲ್ಲಿ ಏನು ತುಂಬಬೇಕೆಂದು ಕೇಳುವ ದನಿಯಲ್ಲೇ ಕೇಳಿದ್ದ. ಹಣ ಎತ್ತಿಕೊಂಡು ಹೋಗಿದ್ದ ಕಳ್ಳನ ಹೆಸರು ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗುವ ಹಾಗೂ ಇರಲಿಲ್ಲ. ಗೊತ್ತಿದ್ದ ಹೆಸರು ಅವರ ಹಳೆಯ ಕಾಗದಗಳಲ್ಲಿ ಆಗಲೇ ಇತ್ತು.

ಮೋನಿಷಾ ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. ಚುಕ್ಕೆಗಳ ಮೇಲೆ, ದೂರದಲ್ಲಿ ಕೂತವರಿಗೂ ಕಾಣುವಷ್ಟು ದೊಡ್ಡದಾಗಿ, ಕೊಂಬು ಒತ್ತು ತಪ್ಪದಂತೆ ‘ಮೋನಿಷಾ, ಸಾಸಲು’ ಎಂದು ಬರೆದು ಹಾಳೆಯನ್ನು ಮತ್ತೆ ಮೇಜಿನ ನಡುವೆ ಇಟ್ಟಳು. ಅವರು ಒಮ್ಮೆ ಅವಳ ಮುಖ ನೋಡಿದರು, ಒಮ್ಮೆ ಹಾಳೆ ನೋಡಿದರು. ಆಮೇಲೆ ತಲೆ ತಗ್ಗಿಸಿ, ಮಾದರಿಯಲ್ಲಿ ಇದ್ದ ಹಾಗೆಯೇ ಬರೆದುಕೊಂಡರು.